ನೀರು ಎಂದು ಬರೆಯದ ಜಾಗ

ಇಳಕಲ್ಲಿನ ಸಿಸ್ಟರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಇಸಿಜಿ ಪಟ್ಟಿಯನ್ನು ಕಂಪ್ಯೂಟರಿನಿಂದ ಬಾಗಲಕೋಟೆಗೆ ಕಳಿಸಿದ ಕೂಡಲೇ ನನಗೆ ಫೋನು ಮಾಡಿ, “ಮುಟ್ಟಿತೇನ್ರಿ ಅಣ್ಣಾರ?” ಎಂದು ಕೇಳುವುದು. ಅವರ ಪರದೆಯ ಮೇಲೆ ‘ಕಳಿಸಲಾಗಿದೆ’ ಎಂದು ಬಂದಿರುತ್ತಿತ್ತು. ಆದರೂ ಕೇಳುವವರೇ. ನಮ್ಮಜ್ಜಿಯೂ ಹಾಗೇ ಇದ್ದಳು. ಯಾರನ್ನಾದರೂ ಬಸ್ಸು ಹತ್ತಿಸಿ ಬಂದರೆ, ಮುಟ್ಟಿದ ಸುದ್ದಿ ಬರುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ. ಕಳಿಸಿದ್ದು ಬೇರೆ, ಮುಟ್ಟಿದ್ದು ಬೇರೆ ಎಂಬ ಲೆಕ್ಕ ಆ ತಲೆಮಾರಿನದು. ನಾನು ಸಿಸ್ಟರಿಗೆ ನಗುತ್ತಲೇ ಉತ್ತರ ಕೊಡುತ್ತಿದ್ದೆ. ಈಗ ನಗುವುದಿಲ್ಲ.

ನಾನಿರುವುದು ಬಾಗಲಕೋಟೆಯ ನವನಗರದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ, ಕಂಪ್ಯೂಟರು ಮತ್ತು ಲೈನು ನೋಡಿಕೊಳ್ಳುವ ಕೆಲಸ. ಬಾದಾಮಿ, ಹುನಗುಂದ, ಇಳಕಲ್ ಮೂರೂ ಕಡೆ ಆಸ್ಪತ್ರೆಯ ಉಪಕೇಂದ್ರಗಳಿದ್ದವು. ಎದೆನೋವು ಎಂದು ಯಾರಾದರೂ ಬಂದರೆ ಅಲ್ಲಿ ಇಸಿಜಿ ತೆಗೆಯುವುದು, ಅದು ನಮ್ಮ ಸರ್ವರಿಗೆ ಬರುವುದು, ಹೃದಯದ ಡಾಕ್ಟರು ಇಲ್ಲಿ ಕುಳಿತು ನೋಡಿ ಹೂಂ ಎಂದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನು ಅಲ್ಲೇ ಕೊಡುವುದು. ಇದು ಏರ್ಪಾಡು. ಮೊದಲು ಪಟ್ಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸುತ್ತಿದ್ದರು. ರೋಗಿಯ ಖಾಸಗಿ ವಿಷಯ ಯಾರದೋ ಫೋನಿನಲ್ಲಿ ಉಳಿಯಬಾರದೆಂದು, ಹೊಸ ಲೈನು ಬಂದ ದಿನವೇ ಅದನ್ನು ನಿಲ್ಲಿಸಿಬಿಟ್ಟರು.

ಹೊಸ ಲೈನು ಎಳೆದವನು ನಾನೇ. ಬಾದಾಮಿಗೆ ಟೆಲಿಫೋನು ಕಂಪನಿಯ ಕೇಬಲ್ಲು ಸಿಕ್ಕಿತು. ಹುನಗುಂದ, ಇಳಕಲ್ಲಿಗೆ ಸಿಗಲಿಲ್ಲ. ಅದಕ್ಕೇ ಆ ವರ್ಷದ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಮಾಳಿಗೆಯ ಮೇಲೆ ರೇಡಿಯೋ ಸಿಗ್ನಲ್ ಕಳಿಸುವ ಒಂದು ಡಿಶ್ ನಿಲ್ಲಿಸಿದೆ. ಅದರ ಮುಖ ಮುಳುಗಿದ ಹಳೇ ಊರಿನ ಕಡೆಗೆ. ಅದರ ಜೋಡಿ ಡಿಶ್ ಅಣೆಕಟ್ಟಿನ ಹಿನ್ನೀರಿನ ಆಚೆ ದಂಡೆಯ ಗುಡ್ಡದ ಮೇಲಿನ ಕಂಬದಲ್ಲಿ. ಅಲ್ಲಿಂದ ಕಂಬದಿಂದ ಕಂಬಕ್ಕೆ ಹಾರಿ ಹುನಗುಂದ, ಹುನಗುಂದದಿಂದ ಇಳಕಲ್. ಮೇ, ಜೂನ್, ಜುಲೈ ಮೂರು ತಿಂಗಳು ಒಂದು ತೊಡಕಿಲ್ಲ. ಆಗಸ್ಟಿನಲ್ಲಿ ಲೈನು ಕಡಿಯತೊಡಗಿತು.

ಪೂರ್ತಿ ಸತ್ತ ಲೈನನ್ನು ಹುಡುಕಿ ಸರಿಪಡಿಸುವುದು ಸುಲಭ. ಇದು ಹಾಗಲ್ಲ. ಹತ್ತು ನಿಮಿಷ ಹೋಗುವುದು, ನಾನು ಎದ್ದು ನೋಡುವಷ್ಟರಲ್ಲಿ ತಾನೇ ಬರುವುದು. ಮೂರೂ ಊರಿನಿಂದ ದೂರು ಬಂದವು. ಮೂರಕ್ಕೂ ಸಮಾನವಾಗಿದ್ದದ್ದು ನಮ್ಮ ಸರ್ವರು ಒಂದೇ. ಹೀಗಾಗಿ ಮೊದಲು ಅದನ್ನೇ ಹಿಡಿದೆ. ಸ್ವಿಚ್ಚು ಬದಲಿಸಿದೆ, ತಂತಿಗಳ ತುದಿಗಳನ್ನು ಹೊಸದಾಗಿ ಕಟ್ಟಿದೆ, ಸೆಕೆಂಡಿಗೊಮ್ಮೆ ಮೂರೂ ರೂಟರುಗಳನ್ನು ಕೂಗಿ ಉತ್ತರ ಬಂತೋ ಇಲ್ಲವೋ ಬರೆದಿಡುವ ಪಿಂಗ್ ಹಚ್ಚಿದೆ. ಸರ್ವರಿನಲ್ಲಿ ದೋಷವಿರಲಿಲ್ಲ.

ಬಾದಾಮಿಗೆ ಹೋದೆ. ಅಲ್ಲಿ ಒಂದಿಡೀ ದಿನ ರೂಟರಿನ ಎದುರಿಗೇ ಕುಳಿತೆ. ಮಧ್ಯಾಹ್ನ ಆಯಾ ಬಂದು ಸ್ಟೆರಿಲೈಜರಿನ ಗುಂಡಿ ಒತ್ತಿದಳು, ರೂಟರಿನ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು. ಎರಡೂ ಒಂದೇ ಬೋರ್ಡಿನಲ್ಲಿದ್ದವು. ಆ ಡಬ್ಬಿ ಕಾಯಲು ಕರೆಂಟು ಎಳೆದಾಗಲೆಲ್ಲ ರೂಟರು ಬಿದ್ದು ಏಳುತ್ತಿತ್ತು. ಬೇರೆ ವೈರು ಎಳೆಸಿದೆ. ಬಾದಾಮಿಯ ದೂರು ಅಲ್ಲಿಗೆ ನಿಂತಿತು. ಮೂರಕ್ಕೂ ಒಂದೇ ರೋಗ ಎಂದು ಹಿಡಿದಿದ್ದೇ ನನ್ನ ಮೊದಲ ತಪ್ಪು.

ಹುನಗುಂದದಲ್ಲಿ ಔಷಧ ಕೊಡುವವರು ಮರೋಳದ ಏತ ನೀರಾವರಿಯ ಕಡೆ ಬೆರಳು ತೋರಿಸಿದರು. ಪಂಪು ಚಾಲೂ ಆದಾಗ ಕರೆಂಟು ಜಗ್ಗುತ್ತದೆ, ಅದಕ್ಕೇ ಲೈನು ಹೋಗುತ್ತದೆ ಎಂದು. ಒಂದು ವಾರ ಕರೆಂಟಿನ ಏರಿಳಿತ ಬರೆದಿಟ್ಟೆ. ಕರೆಂಟು ನೆಟ್ಟಗಿತ್ತು, ಲೈನು ಕಡಿಯುತ್ತಲೇ ಇತ್ತು. ಪಂಪಿನದು ಏನೂ ತಪ್ಪಿರಲಿಲ್ಲ.

ಉಳಿದದ್ದು ಡಿಶ್. ನಮ್ಮ ಕಸುಬಿನಲ್ಲಿ ಸಿಗ್ನಲ್ ಬಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು: ಮೇಲೆ ಏರಿಸು. ಕಂಬ ಹತ್ತುವ ಮೇಸ್ತ್ರಿಯನ್ನು ಕರೆದು ಮಾಳಿಗೆಯ ಡಿಶ್ಶನ್ನು ಎರಡು ಮೀಟರು ಎತ್ತರಿಸಿದೆ. ಸಿಗ್ನಲ್ ಏರಿತು. ಒಂದು ದಿನ, ಎರಡು ದಿನ, ನಾಲ್ಕು ದಿನ ಒಂದು ಸಲವೂ ಕಡಿಯಲಿಲ್ಲ. ವ್ಯವಸ್ಥಾಪಕರಿಗೆ ಬರೆದು ಸಹಿ ಮಾಡಿ ಕೊಟ್ಟೆ: ಹುನಗುಂದ ಮತ್ತು ಇಳಕಲ್ ಲೈನು ಸರಿಯಾಗಿದೆ. ಪಿಂಗ್ ಬರೆದಿಡುವುದನ್ನೂ ನಿಲ್ಲಿಸಿದೆ. ಇನ್ನೇಕೆ ಅದು ಎಂದು.

ಐದನೇ ದಿನ ಮುಂಜಾನೆ ನಾನು ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಸಿಸ್ಟರ್ ಫೋನು ಬಂತು. “ಮುಟ್ಟಿತೇನ್ರಿ ಅಣ್ಣಾರ?”

“ಲೈನ್ ಚಲೋ ಐತ್ರಿ ಸಿಸ್ಟರ್. ಮುಟ್ಟಿರ್ತೈತಿ,” ಎಂದೆ.

ನೋಡಿ ಹೇಳಿದ ಮಾತಲ್ಲ ಅದು. ಎದ್ದು ಒಳಗೆ ಹೋಗಿ ಲ್ಯಾಪ್‌ಟಾಪು ತೆರೆದಿದ್ದರೆ ಅರ್ಧ ನಿಮಿಷದ ಕೆಲಸ. ಕೈಯಲ್ಲಿ ಚಹಾ ಇತ್ತು.

ಆ ಮುಂಜಾನೆ ಎದೆನೋವೆಂದು ಇಳಕಲ್ ಕೇಂದ್ರಕ್ಕೆ ಬಂದಿದ್ದವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯ ಕೆಲಸಗಾರರು, ಐವತ್ತು ದಾಟಿರಲಿಲ್ಲ. ನನ್ನ ಮಾತು ನಂಬಿ ಸಿಸ್ಟರ್ ಡಾಕ್ಟರ ಉತ್ತರಕ್ಕೆ ಕಾದರು. ಉತ್ತರ ಬರಲಿಲ್ಲ. ಡಾಕ್ಟರು ಇನ್ನೊಬ್ಬರನ್ನು ನೋಡುತ್ತಿರಬಹುದು ಎಂದುಕೊಂಡರು. ತಡೆಯಲಾಗದೆ ಅವರ ಮೇಜಿಗೆ ಫೋನು ಮಾಡಿದರೆ, ಯಾವ ಪಟ್ಟಿಯೂ ಬಂದಿಲ್ಲ ಎಂದರು. ಸಿಸ್ಟರ್ ಮತ್ತೆ ಕಳಿಸಿದರು, ಮತ್ತೆ. ಕೊನೆಗೆ ಎಂಟು ದಾಟಿ ನಾಲ್ಕು ನಿಮಿಷಕ್ಕೆ ಪಟ್ಟಿ ಬಂತು. ಇಂಜೆಕ್ಷನ್ ಕೊಟ್ಟು, ಗಾಡಿಯಲ್ಲಿ ಹಾಕಿ ಬಾಗಲಕೋಟೆಗೆ ತಂದರು. ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು.

ಮುಂಚೆಯೇ ಕೊಟ್ಟಿದ್ದರೆ ಉಳಿಯುತ್ತಿದ್ದರೇ? ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಹೇಳಲಿಕ್ಕೆ ಬರೋದಿಲ್ಲ ಎಂದರು.

ನೋಟಿಸು ಹೋದದ್ದು ಸಿಸ್ಟರಿಗೆ. ರೋಗಿ ಬಾಗಿಲಿಗೆ ಬಂದದ್ದು ಏಳು ಹತ್ತಕ್ಕೆ, ಸರ್ವರಿನಲ್ಲಿ ಪಟ್ಟಿಯ ಸಮಯ ಎಂಟು ನಾಲ್ಕು. ನಡುವೆ ನೀವು ಏನು ಮಾಡುತ್ತಿದ್ದಿರಿ? ಒಂದು ವಾರದಲ್ಲಿ ಉತ್ತರ ಕೊಡಿ, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು. ಲೈನು ಕಡಿದಿತ್ತು ಎಂದು ಅವರು ಫೋನಿನಲ್ಲೇ ಹೇಳಿದರಂತೆ. ವ್ಯವಸ್ಥಾಪಕರು ನನ್ನ ಸಹಿ ಇದ್ದ ಕಾಗದ ಓದಿ ಕೇಳಿಸಿದರಂತೆ.

ಇಳಕಲ್ಲಿಗೆ ಹೋದೆ. ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವರು ಬೈಯಲಿಲ್ಲ. ಮೇಜಿನ ಖಾನೆಯಿಂದ ಗೆರೆ ಎಳೆದ ಒಂದು ವಹಿ ತೆಗೆದು ನನ್ನ ಮುಂದಿಟ್ಟರು. ಎರಡು ಸಾಲು: ಕಳಿಸಿದ್ದು, ಮುಟ್ಟಿದ್ದು. ಬೇಸಿಗೆಯಿಂದ ಒಂದೊಂದು ಪಟ್ಟಿಯ ಸಮಯವನ್ನೂ ಪೆನ್ನಿನಲ್ಲಿ ಬರೆದಿದ್ದರು. ಆ ದಿನದ್ದು: ಕಳಿಸಿದ್ದು ಏಳು ಇಪ್ಪತ್ತೊಂದು. ಪೆನ್ನಿನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು ಎಂದಿದ್ದರಂತೆ ವ್ಯವಸ್ಥಾಪಕರು.

“ನೌಕರಿ ಹೋದ್ರ ಹೋಗ್ಲಿ ಅಣ್ಣಾರ,” ಎಂದರು ಸಿಸ್ಟರ್. “ಅವರ ಮನಿ ನಮ್ಮ ಓಣ್ಯಾಗ ಐತಿ. ದಿನಾ ಅದ ಬಾಗಲದಾಗ ಹಾದು ಬರ್ತೇನಿ. ಸಿಸ್ಟರ್ ಕೈಕಟಗೊಂಡು ಕುಂತಿದ್ಲು ಅಂತಾರ. ನನ್ನ ಕಂಡ್ರ ಮಾತ ನಿಲ್ಲಸ್ತಾರ.”

ವಹಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ನನ್ನ ಪಿಂಗ್ ನಿಂತಿತ್ತು, ಆದರೆ ಡಿಶ್ಶಿನ ರೇಡಿಯೋ ತನ್ನ ಹೊಟ್ಟೆಯೊಳಗೆ ಒಂದು ತಿಂಗಳ ಸಿಗ್ನಲ್ಲಿನ ಏರಿಳಿತ ಇಟ್ಟುಕೊಂಡಿರುತ್ತದೆ. ಅದನ್ನು ತೆಗೆದು ವಹಿಯ ಪಕ್ಕದಲ್ಲಿ ಇಟ್ಟೆ. ಆ ಮುಂಜಾನೆ ಏಳು ಹತ್ತಕ್ಕೆ ಗೆರೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು, ಎಂಟು ದಾಟಿ ಎರಡು ನಿಮಿಷಕ್ಕೆ ಮೇಲೆದ್ದಿತ್ತು. ಸಿಸ್ಟರಿನ ಪೆನ್ನು ಸುಳ್ಳು ಹೇಳಿರಲಿಲ್ಲ.

ಬೇರೆ ದಿನಗಳನ್ನೂ ಹೊಂದಿಸಿದೆ. ಕಡಿದದ್ದೆಲ್ಲ ಮುಂಜಾನೆ ಆರೂವರೆಯಿಂದ ಒಂಬತ್ತೂವರೆಯೊಳಗೆ. ಮಳೆಗಾಳಿಯ ದಿನ ಲೈನು ಹೋಗಬೇಕು ಎಂದು ನಾವು ತಿಳಿಯುತ್ತೇವೆ. ಇಲ್ಲಿ ತಿರುಗಾಮುರುಗಾ. ಗಾಳಿ ಬೀಸಿದ ದಿನ ಲೈನು ಗಟ್ಟಿ, ಹವೆ ಶಾಂತವಾಗಿದ್ದ ದಿನ ಕಡಿಯುವುದು. ಎಷ್ಟು ಯೋಚಿಸಿದರೂ ತಲೆಗೆ ಹೋಗಲಿಲ್ಲ. ಮರುದಿನ ಬೆಳಕು ಹರಿಯುವಾಗ ಆಚೆ ದಂಡೆಯ ಗುಡ್ಡಕ್ಕೆ ಹೋದೆ.

ಕಂಬದ ಬುಡದಲ್ಲಿ ಒಬ್ಬ ಕುರಿಗಾರ ಇದ್ದ. ಹಣೆಗೆ ಬೀರಪ್ಪನ ಭಂಡಾರ, ಹೆಗಲ ಮೇಲೆ ಕಂಬಳಿ. ಬೇಸಿಗೆಯಲ್ಲಿ ನಾನು ಸರ್ವೆಗೆ ಬಂದಾಗ ಪರಿಚಯವಾದವನು. ನನ್ನನ್ನು ನೋಡಿದವನೇ ನಕ್ಕ.

“ಏನ್ಲೇ ಸಾಹೇಬ, ನಿನ್ನ ತಾಟು ಇನ್ನೂ ಅಲ್ಲೇ ಐತೇನ? ನಾ ಕಾಗಿ ಒಯ್ದಾವು ಅಂದಿದ್ನಿ.”

ಡಿಶ್ಶಿಗೆ ಅವನು ತಾಟು ಎನ್ನುತ್ತಿದ್ದ. ಏನೋ ತೊಂದರೆ ಆಗಿದೆ, ನೋಡಲು ಬಂದೆ ಎಂದೆ. ಅವನು ಕೆಳಗೆ ಕೋಲು ತೋರಿಸಿದ.

“ಬ್ಯಾಸಗ್ಯಾಗ ನಾವಿಬ್ರೂ ಕುಂತು ರೊಟ್ಟಿ ಉಂಡಿವಲ್ಲ, ಆ ಜಾಗಾ ನೋಡಲ್ಲಿ. ಎರಡಾಳ ನೀರ ನಿಂತಾವು.”

ನೋಡಿದೆ. ಗಾಳಿ ಇರಲಿಲ್ಲ. ಹಿನ್ನೀರು ದಂಡೆಯಿಂದ ದಂಡೆಗೆ ಒಂದು ಗೆರೆಯಿಲ್ಲದೆ ಬಿದ್ದುಕೊಂಡಿತ್ತು. ನವನಗರದ ನೀರಿನ ಟಾಕಿ ಒಂದು ಮೇಲೆ, ಒಂದು ತಲೆಕೆಳಗೆ.

“ಈ ಹೊತ್ತಿನ್ಯಾಗ ಕುರಿ ನೀರ ಕುಡ್ಯಾಂಗಿಲ್ಲ,” ಎಂದ ಅವನು. “ತಮ್ಮ ಮಾರಿ ತಾವ ನೋಡಿ ಬೆದರ್ತಾವು. ಗಾಳಿ ಬಿಟ್ಟು ಕನ್ನಡಿ ಒಡೀಬೇಕು, ಆಮ್ಯಾಲ ಇಳೀತಾವು.”

ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ರೇಡಿಯೋ ಕಿರಣ ಒಂದು ಡಿಶ್ಶಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗುತ್ತದೆ. ಕೆಳಗೆ ನಿಂತ ನೀರಿದ್ದರೆ ಅದರಲ್ಲಿ ಬಡಿದು ಪುಟಿದ ಇನ್ನೊಂದು ಕಿರಣವೂ ಅಲ್ಲಿಗೇ ಬರುತ್ತದೆ. ಒಂದರ ಅಲೆ ಏರುವಾಗ ಇನ್ನೊಂದರ ಅಲೆ ಇಳಿದರೆ ಪರಸ್ಪರ ಅಳಿಸಿಹಾಕುತ್ತವೆ. ನೀರಿನ ಮಟ್ಟ ಒಂದು ಗೇಣು ಏರಿದರೆ ಲೆಕ್ಕ ಬದಲು. ನಾನು ಡಿಶ್ ಎತ್ತರಿಸಿದಾಗ ನಾಲ್ಕು ದಿನ ಸರಿಯಾದದ್ದು ಅದಕ್ಕೇ. ಐದನೇ ದಿನಕ್ಕೆ ನೀರೂ ಏರಿತ್ತು. ಗಾಳಿ ಬಿಟ್ಟು ಅಲೆ ಎದ್ದರೆ ಕನ್ನಡಿ ಒಡೆಯುತ್ತದೆ, ಲೈನು ಬರುತ್ತದೆ. ಇದನ್ನು ನಾನು ಓದದವನಲ್ಲ. ನೀರಿನ ಮೇಲೆ ಲೈನು ಹಾಯಿಸುವಾಗ ಮೊದಲು ನೋಡಬೇಕಾದದ್ದೇ ಇದು.

ಆಸ್ಪತ್ರೆಗೆ ಬಂದು ಬೇಸಿಗೆಯ ಸರ್ವೆ ಹಾಳೆ ಹುಡುಕಿ ತೆಗೆದೆ. ದಾರಿಯುದ್ದಕ್ಕೂ ಎಲ್ಲಿ ಮನೆ, ಎಲ್ಲಿ ಗಿಡ, ಎಲ್ಲಿ ದಿಬ್ಬ ಎಂದು ನನ್ನದೇ ಅಕ್ಷರದಲ್ಲಿ ಬರೆದ ಹಾಳೆ. ನದಿಯ ಪಾತ್ರದ ಸಣ್ಣ ತುಂಡಿಗೆ ‘ನೀರು’ ಎಂದಿತ್ತು. ಹಳೇ ಊರು ಮುಳುಗಿದ ಅಷ್ಟೂ ಉದ್ದಕ್ಕೆ ‘ನೆಲ’.

ಆ ಊರು ನಮ್ಮದು. ನೀರು ಬರುತ್ತದೆಂದು ನಮ್ಮನ್ನು ನವನಗರಕ್ಕೆ ಎಬ್ಬಿಸಿದಾಗ ನಾನು ಸಾಲಿಗೆ ಹೋಗುತ್ತಿದ್ದೆ. ನವನಗರದ ಸೆಕ್ಟರಿನ ನಂಬರು ಅಜ್ಜಿಯ ಬಾಯಿಗೆ ಕೊನೆಯ ತನಕ ಹತ್ತಲಿಲ್ಲ. ಯಾರಿಗೆ ದಾರಿ ಹೇಳಿದರೂ ನೀರೊಳಗಿನ ಓಣಿಗಳಿಂದಲೇ ಹೇಳುತ್ತಿದ್ದಳು, ಹಿಟ್ಟಿನ ಗಿರಣಿ ದಾಟಿ ಬಲಕ್ಕ ಹೊರಳು ಎಂದು. ಆ ಗಿರಣಿಯ ಮೇಲೆ ಮೀನು ಓಡಾಡುತ್ತಿದ್ದವು. ಅವಳ ಮಾತಿನಿಂದಲೇ ನಾನು ಮಾತು ಕಲಿತವನು. ಮೇ ತಿಂಗಳಲ್ಲಿ ನೀರು ಇಳಿದು ನಮ್ಮ ಮನೆಯ ಅಡಿಪಾಯದ ಕಲ್ಲುಗಳು ಹೊರಬಿದ್ದಿದ್ದವು. ಅವುಗಳ ಮೇಲೆ ಕುಳಿತೇ ಕುರಿಗಾರನ ಜೊತೆ ರೊಟ್ಟಿ ತಿಂದಿದ್ದೆ, ಮೊಣಕಾಲ ಮೇಲೆ ಹಾಳೆ ಇಟ್ಟು ಬರೆದಿದ್ದೆ. ಹೊರಗಿನವನು ಯಾರಾದರೂ ಬಂದು ಸರ್ವೆ ಮಾಡಿದ್ದರೆ ನಕ್ಷೆ ನೋಡಿ ನೀರು ಎಂದು ಬರೆಯುತ್ತಿದ್ದ. ನಮ್ಮ ಮನೆ ಇದ್ದ ಜಾಗಕ್ಕೆ ನೀರು ಎಂದು ಬರೆಯಲು ಕೈ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಗೆ ಬರೆಯಬೇಕೆಂದು ಹೊಳೆಯಲೇ ಇಲ್ಲ.

ಸಿಸ್ಟರಿನ ಉತ್ತರಕ್ಕೆ ಎರಡು ದಿನ ಉಳಿದಿತ್ತು. ವ್ಯವಸ್ಥಾಪಕರಿಗೆ ರೇಡಿಯೋದ ಗೆರೆ ತೋರಿಸಿದೆ. ಅವರು ಕೆಟ್ಟವರಲ್ಲ, ಬಹಳ ಹೊತ್ತು ನೋಡಿದರು. ತಾಂತ್ರಿಕ ಕಾರಣ ಎಂದು ಒಂದು ಸಾಲು ಬರೆದು ನೋಟಿಸು ಹಿಂದಕ್ಕೆ ಪಡೆಯೋಣ, ಸರ್ವೆಯ ಮಾತು ಈಗ ಏಕೆ ಎಂದರು. ಮೇಸ್ತ್ರಿಯೂ ಅದನ್ನೇ ಹೇಳಿದ. ನೀರು ಬಂದದ್ದಕ್ಕೆ ನೀನೇನು ಮಾಡುತ್ತಿ, ನಿನ್ನ ತಲೆ ನೀನೇ ಏಕೆ ಒಡ್ಡುತ್ತಿ ಎಂದ.

ಆದರೆ ಲೈನು ಕಡಿದಿತ್ತು ಎಂದು ಮಾತ್ರ ಹೇಳಿದರೆ, ಪಟ್ಟಿಯನ್ನು ಏಳು ಇಪ್ಪತ್ತೊಂದಕ್ಕೇ ತೆಗೆದರು ಎಂಬುದಕ್ಕೆ ಸಾಕ್ಷಿ ಎಲ್ಲಿ? ಇಳಕಲ್ಲಿನ ಕಂಪ್ಯೂಟರಾಗಲಿ, ಸಿಸ್ಟರ್ ಕರೆ ಮಾಡುವ ಕೇಂದ್ರದ ಹಳೇ ಮೇಜಿನ ಫೋನಾಗಲಿ ಸಮಯ ಇಟ್ಟುಕೊಳ್ಳುತ್ತಿರಲಿಲ್ಲ, ಅದು ಇದ್ದದ್ದು ನನ್ನ ಫೋನಿನಲ್ಲಿ ಒಂದೇ. ಏಳು ಇಪ್ಪತ್ನಾಲ್ಕು, ಇಳಕಲ್ ಸಿಸ್ಟರ್, ಒಳಬಂದ ಕರೆ. ಆ ಕರೆಯನ್ನು ತೋರಿಸಿದರೆ, ನೀನು ಏನು ಹೇಳಿದೆ ಎಂದು ಕೇಳುತ್ತಾರೆ. ಒಂದು ಮಧ್ಯಾಹ್ನ ಪೂರ್ತಿ ಆ ಫೋನನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅದನ್ನು ಅಳಿಸಬಹುದಿತ್ತು ಎಂಬುದೂ ಮನಸ್ಸಿಗೆ ಬಂದುಹೋಯಿತು, ಮುಚ್ಚಿಡುವುದಿಲ್ಲ.

ಸಂಜೆ ಕುಳಿತು ಮೂರು ಪುಟ ಬರೆದೆ. ಸರ್ವೆಯಲ್ಲಿ ನೀರನ್ನು ನೆಲ ಎಂದದ್ದು, ನಾಲ್ಕು ದಿನ ನೋಡಿ ಸಹಿ ಮಾಡಿದ್ದು, ಏಳು ಇಪ್ಪತ್ನಾಲ್ಕಕ್ಕೆ ನೋಡದೆ ಉತ್ತರ ಕೊಟ್ಟದ್ದು. ಸಿಸ್ಟರಿನ ನೋಟಿಸು ಮರುದಿನವೇ ರದ್ದಾಯಿತು. ನನಗೊಂದು ಬಂತು. ಕೆಲಸ ಉಳಿಯಿತು, ಉಳಿದ ಕಥೆ ಇಲ್ಲಿ ಬೇಡ.

ಲೈನನ್ನು ಸರಿಪಡಿಸಬೇಕಿತ್ತು. ಎಲ್ಲರೂ ಇನ್ನೂ ಮೇಲೆ ಎಂದರು. ನಾನು ಡಿಶ್ಶನ್ನು ಕೆಳಗಿಳಿಸಿದೆ. ಮಾಳಿಗೆಯ ಮುಂದಿನ ಅಂಚಿಗೆ ಮೋಟುಗೋಡೆ ಇತ್ತು. ನೀರಿನಿಂದ ಪುಟಿದ ಕಿರಣ ಡಿಶ್ಶಿಗೆ ತಾಗದಂತೆ ಆ ಗೋಡೆ ನೀರನ್ನು ಮರೆ ಮಾಡಬೇಕು, ಗುಡ್ಡದ ಕಂಬವನ್ನು ಮರೆ ಮಾಡಬಾರದು. ಡಿಶ್ ಕೂರಬೇಕಾದ ಎತ್ತರಕ್ಕೆ ಸ್ಟೂಲಿನ ಮೇಲೆ ಕುಳಿತು, ಕಣ್ಣನ್ನು ಗೋಡೆಯ ಅಂಚಿಗೆ ಹೊಂದಿಸಿ, ಸ್ಟೂಲು ಹಿಂದಕ್ಕೆ ಸರಿಸುತ್ತಾ ಹೋದೆ. ಮೇಸ್ತ್ರಿ ಪ್ರತಿ ಗೇಣಿಗೂ ಸುಣ್ಣದಕಡ್ಡಿಯಿಂದ ಗುರುತು ಹಾಕಿದ. ನೀರು ಕೆಳಗಿನಿಂದ ಕಡಿಮೆಯಾಗುತ್ತಾ ಬಂತು. ನಮ್ಮ ಓಣಿ ಇದ್ದ ಕಡೆ ಹೋಯಿತು, ನದಿ ಹೋಯಿತು, ಆಚೆ ದಂಡೆಯ ಬೆಳ್ಳಿ ಗೆರೆ ಹೋಯಿತು. ಗುಡ್ಡದ ತಲೆ, ಕಂಬ ಎರಡೇ ಉಳಿದಾಗ ನಿಲ್ಲು ಎಂದೆ.

“ಇನ್ನ ಊರು ಕಾಣಾಂಗಿಲ್ಲ ನೋಡು,” ಎಂದ ಮೇಸ್ತ್ರಿ. ಅವನ ಮನೆಯೂ ಅಲ್ಲೇ ಮುಳುಗಿದ್ದು.

ಅಲ್ಲಿ ಡಿಶ್ ಕೂರಿಸಿದೆವು, ಮುಖವನ್ನು ಒಂದಿಷ್ಟು ಮೇಲಕ್ಕೆ ವಾಲಿಸಿದೆವು. ಲೈನು ಬಿದ್ದರೆ ತಾನೇ ಹಿಡಿದುಕೊಳ್ಳಲು ಮೂರೂ ಕಡೆ ಸಿಮ್ ಹಾಕಿದ ಮೋಡೆಮ್ ಇಟ್ಟೆ. ಪಟ್ಟಿ ಸರ್ವರಿಗೆ ನಿಜವಾಗಿ ಬಂದು ಕೂತ ಮೇಲಷ್ಟೇ ಅವರ ಪರದೆ ‘ಮುಟ್ಟಿದೆ’ ಎನ್ನಬೇಕು ಎಂದು ಬದಲಿಸಿದೆ. ಹಿನ್ನೀರು ತುಂಬಿ ತುಳುಕಿದ ತಿಂಗಳು ಪೂರ್ತಿ, ಗಾಳಿಯಿಲ್ಲದ ಮುಂಜಾನೆಗಳಲ್ಲಿ, ಗೆರೆ ನೆಟ್ಟಗೇ ಇತ್ತು. ಈ ಸಲ ನಾಲ್ಕು ದಿನಕ್ಕೆ ಸಹಿ ಮಾಡಲಿಲ್ಲ.

ಇಳಕಲ್ಲಿಗೆ ಇನ್ನೊಮ್ಮೆ ಹೋದೆ. ರದ್ದಾದ ನೋಟಿಸಿನಿಂದ ಓಣಿಯ ಬಾಯಿ ಮುಚ್ಚುವುದಿಲ್ಲ. ಸಿಸ್ಟರಿನ ಜೊತೆ ಆ ಮನೆಗೆ ಹೋಗಬೇಕಿತ್ತು. ಅವರೇ ಬೇಡ ಬೇಡ ಎಂದರು, ಆಮೇಲೆ ಬುರ್ಖಾ ಹಾಕಿಕೊಂಡು ಸುಮ್ಮನೆ ಮುಂದೆ ನಡೆದರು. ತೀರಿಕೊಂಡವರ ಹೆಂಡತಿ ಇದ್ದತ್ತಿನಲ್ಲಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಪರ ಗಂಡಸರ ಎದುರು ಬರುವುದಿಲ್ಲ. ಅವರ ಮೈದುನ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ನಡುಮನೆಯ ಬಾಗಿಲಿಗೆ ಪರದೆ ಇತ್ತು, ಅದರ ಆಚೆ ಅವರು. ಸಿಸ್ಟರ್ ಪರದೆಯ ಈಚೆಯೇ ಗೋಡೆ ಹಿಡಿದು ನಿಂತರು.

ಬಟ್ಟೆಗೆ ಮುಖ ಮಾಡಿ ಹೇಳಿದೆ. ಪಟ್ಟಿ ತೆಗೆದದ್ದು ತಡವಾಗಿರಲಿಲ್ಲ. ಇವರು ಕಳಿಸಿ ನನಗೆ ಕೇಳಿದ್ದರು. ನಾನು ನೋಡದೆ ಮುಟ್ಟಿದೆ ಎಂದೆ. ಲೈನು ಬಾಗಲಕೋಟೆಯ ಹಿನ್ನೀರಿನ ಮೇಲೆ ಕಡಿದಿತ್ತು, ಅದನ್ನು ಹಾಕಿದವನೂ ನಾನೇ.

 ಆಚೆಯಿಂದ ಒಂದೇ ಪ್ರಶ್ನೆ ಬಂತು.

“ನಮ್ಮ ಊರಾಗ ನೀರ ಇಲ್ಲಲ್ರಿ. ಅಲ್ಲಿನ ನೀರು ಇಲ್ಲಿ ಹೆಂಗ ಬಂತ್ರಿ?”

ನನ್ನ ಹತ್ತಿರ ಕಿರಣದ ಲೆಕ್ಕವಿತ್ತು. ಅದನ್ನು ಹೇಳಲಿಲ್ಲ. ನಾನ ತಂದೇನಿರಿ ಎಂದೆ.

ಮೈದುನ ತಲೆ ಬಗ್ಗಿಸಿ ಕುಳಿತಿದ್ದರು. ಪರದೆಯ ಅಂಚು ಒಂದಿಷ್ಟು ಸರಿಯಿತು. ಆ ದನಿ ನನಗಲ್ಲ, ಸಿಸ್ಟರಿಗೆ ಹೇಳಿತು: “ಬೇಟೀ, ಹೊರಗ ಯಾಕ ನಿಂತಿ. ಒಳಗ ಬಾ.”

ಸಿಸ್ಟರ್ ಒಳಗೆ ಹೋದರು. ಪರದೆ ಮತ್ತೆ ಇಳಿಯಿತು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಈಗ ಅವರ ಪರದೆಯೇ ಮುಟ್ಟಿದೆ ಎಂದು ಹೇಳುತ್ತದೆ, ಕೇಳುವ ಅಗತ್ಯವಿಲ್ಲ. ಅವರು ಕೇಳುವುದನ್ನು ಬಿಟ್ಟಿಲ್ಲ. ಮೊನ್ನೆಯೂ ಗಾಳಿಯಿಲ್ಲದ ಮುಂಜಾನೆ ಫೋನು ಬಂತು. “ಮುಟ್ಟಿತೇನ್ರಿ ಅಣ್ಣಾರ?”

“ತಡೀರಿ ಸಿಸ್ಟರ್,” ಎಂದು ಚಹಾ ಕೆಳಗಿಟ್ಟು ಎದ್ದೆ. “ನೋಡಿ ಹೇಳ್ತೇನಿ.”